ರಾಜಕೀಯ, ಅರ್ಥವ್ಯವಸ್ಥೆ, ಹವಾಮಾನ, ಸಂಸ್ಕೃತಿ: ಯಾವುದಕ್ಕೆ ಯಾವ ಓದು?

“ಪ್ರಪಂಚದಲ್ಲಿ ಏನು ನಡೀತಿದೆ ಅಂತ ಸರಿಯಾಗಿ ತಿಳ್ಕೋಬೇಕು, ಏನು ಓದಲಿ?” ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವುದು ಒಂದು ಉದ್ದನೆಯ ಪಟ್ಟಿ. ಹತ್ತು ಪುಸ್ತಕ, ಐದು ಪತ್ರಿಕೆ, ಒಂದಿಷ್ಟು ವೆಬ್‌ಸೈಟು. ಪಟ್ಟಿ ಹಿಡಿದು ಹೊರಟವರು ಕೆಲವೇ ವಾರಗಳಲ್ಲಿ ಸುಸ್ತಾಗಿ ಮತ್ತೆ ಮೊಬೈಲ್ ಸುದ್ದಿಗೇ ಮರಳುತ್ತಾರೆ. ಪಟ್ಟಿ ಮಾಡುವುದಕ್ಕೂ ಮೊದಲು ಒಂದು ಪ್ರಶ್ನೆ ಬಗೆಹರಿಯಬೇಕು. ಯಾವ ವಿಷಯಕ್ಕೆ ಯಾವ ಬಗೆಯ ಓದು ಹೊಂದುತ್ತದೆ?

ನನ್ನ ಉತ್ತರ ಸರಳ. ಪ್ರತಿ ವಿಷಯಕ್ಕೂ ಅದರದೇ ವೇಗ ಇದೆ, ಓದು ಆ ವೇಗಕ್ಕೆ ಹೊಂದಿಕೊಳ್ಳಬೇಕು. ಸರ್ಕಾರ ಒಂದೇ ರಾತ್ರಿಯಲ್ಲಿ ಬೀಳಬಹುದು. ಅರ್ಥವ್ಯವಸ್ಥೆಯ ಲೆಕ್ಕ ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಬರುತ್ತದೆ. ಹವಾಮಾನದ ಬದಲಾವಣೆಯನ್ನು ದಶಕಗಳಲ್ಲಿ ಅಳೆಯಬೇಕು. ಸಂಸ್ಕೃತಿಯ ವಿಷಯದಲ್ಲಿ ನೂರು ವರ್ಷದ ಹಿಂದಿನ ಗಾಯ ಇವತ್ತು ಸುದ್ದಿಯಾಗಬಹುದು. ಈ ನಾಲ್ಕನ್ನೂ ಒಂದೇ ದಿನಪತ್ರಿಕೆಯಿಂದ ಅಥವಾ ಒಂದೇ ಆ್ಯಪ್‌ನಿಂದ ತಿಳಿಯಲು ಹೊರಟರೆ ಸಮಯ ಜಾಸ್ತಿ ಹೋಗುತ್ತದೆ, ತಲೆಯಲ್ಲಿ ಉಳಿಯುವುದು ಕಡಿಮೆ.

ದಿನದ ಓದು, ವಾರದ ಓದು, ವರ್ಷದ ಓದು

ಮೊದಲು ದಿನದ ಸುದ್ದಿ. ಯಾವ ಪತ್ರಿಕೆ ತೆರೆದರೂ ಹೊರದೇಶದ ಸುದ್ದಿಯ ದೊಡ್ಡ ಪಾಲು ಬರುವುದು ಕೆಲವೇ ಸುದ್ದಿಸಂಸ್ಥೆಗಳಿಂದ. ಅಸೋಸಿಯೇಟೆಡ್ ಪ್ರೆಸ್ 1846ರಲ್ಲಿ ಶುರುವಾಯಿತು, ರಾಯಿಟರ್ಸ್ 1851ರಲ್ಲಿ. ಫ್ರಾನ್ಸಿನ ಎಎಫ್‌ಪಿ ಇನ್ನೊಂದು. ಯಾರು, ಎಲ್ಲಿ, ಯಾವಾಗ, ಏನು ಹೇಳಿದರು ಎನ್ನುವುದಕ್ಕೆ ಇವುಗಳ ವರದಿ ಸಾಕು. ಅದೇ ಸುದ್ದಿಯನ್ನು ಐದು ಕಡೆ ಓದಿದರೆ ಹೊಸದೇನೂ ಸಿಗುವುದಿಲ್ಲ. ಎಷ್ಟೋ ಸಲ ಐದಕ್ಕೂ ಮೂಲ ಒಂದೇ ಆಗಿರುತ್ತದೆ. ಒಂದನ್ನು ಆರಿಸಿಕೊಂಡು, ದಿನಕ್ಕೆ ಒಂದು ಹೊತ್ತು ಓದಿ ಮುಚ್ಚಿಡಿ.

ಸುದ್ದಿಯಿಂದ ಬೇಸತ್ತು ಪೂರ್ತಿ ಬಿಟ್ಟುಬಿಡುವವರೂ ಹೆಚ್ಚುತ್ತಿದ್ದಾರೆ. ಆಕ್ಸ್‌ಫರ್ಡ್‌ನ ರಾಯಿಟರ್ಸ್ ಇನ್‌ಸ್ಟಿಟ್ಯೂಟ್ ಹಲವು ದೇಶಗಳಲ್ಲಿ ಪ್ರತಿ ವರ್ಷ ಸಮೀಕ್ಷೆ ನಡೆಸುತ್ತದೆ. ಆಗಾಗ ಅಥವಾ ಕೆಲವೊಮ್ಮೆ ಬೇಕೆಂದೇ ಸುದ್ದಿ ತಪ್ಪಿಸುತ್ತೇವೆ ಎಂದವರು 2017ರಲ್ಲಿ ಶೇ. 29 ಇದ್ದರು, 2024ರಲ್ಲಿ ಶೇ. 39 ಆದರು. ಅವರ ಆಯಾಸ ಅರ್ಥವಾಗುವಂಥದ್ದು. ಆದರೆ ಸುದ್ದಿ ಬಿಟ್ಟವರ ಪರವಾಗಿ ತೀರ್ಮಾನ ಮಾಡುವವರು ಬೇರೆಯವರಾಗಿರುತ್ತಾರೆ. ಬಿಡುವುದಕ್ಕಿಂತ ಓದಿನ ಬಗೆ ಬದಲಿಸುವುದು ಮೇಲು.

ವಾರದ ಓದಿಗೆ ಎರಡು ಪತ್ರಿಕೆಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಲಂಡನ್ನಿನ ‘ದಿ ಎಕಾನಮಿಸ್ಟ್’ 1843ರಲ್ಲಿ ಹುಟ್ಟಿದ್ದೇ ಮುಕ್ತ ವ್ಯಾಪಾರದ ಪರ ವಾದಿಸಲು. ಆಮದು ಧಾನ್ಯದ ಮೇಲೆ ಬ್ರಿಟನ್ ಹಾಕುತ್ತಿದ್ದ ಸುಂಕವನ್ನು ಅದು ವಿರೋಧಿಸುತ್ತಿತ್ತು. ಆ ಒಲವು ಇವತ್ತಿಗೂ ಇದೆ. ಲೇಖನಗಳಿಗೆ ಬರೆದವರ ಹೆಸರು ಹಾಕುವುದಿಲ್ಲ, ಇಡೀ ಪತ್ರಿಕೆ ಒಂದೇ ದನಿಯಲ್ಲಿ ಮಾತಾಡುತ್ತದೆ. ಬರಹ ಚುರುಕು, ಓದಲು ಸಲೀಸು. ಅದೇ ಕಾರಣಕ್ಕೆ ವಾದವನ್ನೂ ಸತ್ಯ ಎಂದೇ ನುಂಗಿಬಿಡುವ ಅಪಾಯ ಇದೆ. ಮುಂಬೈಯ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯದ್ದು ಬೇರೆಯೇ ಸ್ವಭಾವ. 1949ರಲ್ಲಿ ಬೇರೆ ಹೆಸರಿನಲ್ಲಿ ಶುರುವಾಗಿ, 1966ರಿಂದ ಈ ಹೆಸರಿನಲ್ಲಿ ಬರುತ್ತಿದೆ. ಬರೆಯುವವರು ಹೆಚ್ಚಾಗಿ ಸಂಶೋಧಕರು, ಒಲವು ಹೆಚ್ಚಾಗಿ ಎಡಕ್ಕೆ. ಕೋಷ್ಟಕ, ಅಡಿಟಿಪ್ಪಣಿ ಧಾರಾಳ. ಓದು ಭಾರ, ಆದರೆ ಲೇಖಕರು ತಮ್ಮ ಲೆಕ್ಕವನ್ನು ಎಲ್ಲಿಂದ ತಂದರು ಎಂದು ನೀವೇ ಹೋಗಿ ನೋಡಬಹುದು.

ಎರಡರಲ್ಲಿ ಯಾವುದು? ಹೊಸಬರಿಗೆ ಮೊದಲನೆಯದು ಸುಲಭ. ಒಂದು ವಿಷಯವನ್ನು ಆಳವಾಗಿ ಹಿಡಿಯಬೇಕು ಎನ್ನುವವರಿಗೆ ಎರಡನೆಯದು. ನನ್ನನ್ನು ಕೇಳಿದರೆ ಒಂದೇ ಪ್ರಶ್ನೆಯ ಮೇಲೆ ಎರಡೂ ಕಡೆಯಿಂದ ಒಂದೊಂದು ಲೇಖನ ಓದಿ ಎನ್ನುತ್ತೇನೆ. ಒಲವಿಲ್ಲದ ಪತ್ರಿಕೆ ಹುಡುಕುತ್ತಾ ಕೂತರೆ ಸಿಗುವುದಿಲ್ಲ. ಒಲವು ಮುಚ್ಚಿಡದ ಪತ್ರಿಕೆ ಸಿಗುತ್ತದೆ, ಅಷ್ಟು ಸಾಕು.

ಮೇಲ್‌ಗೆ ಬರುವ ನ್ಯೂಸ್‌ಲೆಟರ್‌ಗಳದ್ದು ಇನ್ನೊಂದು ದಾರಿ. ಒಂದೇ ವಿಷಯದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಒಬ್ಬರ ಕಣ್ಣಿನಿಂದ ನೋಡುವ ಅವಕಾಶ ಅದು. ಆದರೆ ತಿದ್ದುವ ಸಂಪಾದಕರು ಅಲ್ಲಿ ಹೆಚ್ಚಾಗಿ ಇರುವುದಿಲ್ಲ. ಬರೆದವರು ಮೂಲ ದಾಖಲೆಗೆ ಲಿಂಕ್ ಕೊಡುತ್ತಾರಾ, ಹಿಂದೆ ಹೇಳಿದ್ದು ಸುಳ್ಳಾದಾಗ ತಿದ್ದುಪಡಿ ಹಾಕುತ್ತಾರಾ, ಇವೆರಡು ನೋಡಿ ಚಂದಾ ಕೊಡಿ.

ರಾಜಕೀಯ: ಮೂಲ ಪಠ್ಯ ಮೊದಲು

ರಾಜಕೀಯ ವೇಗದ ವಿಷಯ, ಹಾಗಾಗಿ ದಿನಾ ಓದಬೇಕು ಎಂದು ನಮಗೆಲ್ಲ ಅನ್ನಿಸುತ್ತದೆ. ಘಟನೆಗಳೇನೋ ವೇಗವಾಗಿ ನಡೆಯುತ್ತವೆ. ಆದರೆ ಅವು ನಡೆಯುವುದು ನಿಧಾನವಾಗಿ ಬದಲಾಗುವ ನಿಯಮಗಳ ಚೌಕಟ್ಟಿನ ಒಳಗೆ. ಆ ನಿಯಮ ಓದಿದವರಿಗೆ ಸುದ್ದಿ ಬೇಗ ಅರ್ಥವಾಗುತ್ತದೆ.

ಬ್ರೆಕ್ಸಿಟ್ ನೋಡಿ. 2016ರ ಜೂನ್ 23ರಂದು ಬ್ರಿಟನ್ ಮತ ಹಾಕಿತು. ಶೇ. 51.9 ಮಂದಿ ಐರೋಪ್ಯ ಒಕ್ಕೂಟ ಬಿಡೋಣ ಎಂದರು. ನಿಜವಾಗಿ ಹೊರಬಂದದ್ದು 2020ರ ಜನವರಿ 31ರಂದು. ನಡುವಿನ ಮೂರೂವರೆ ವರ್ಷ ದಿನಾ ಸುದ್ದಿ. ರಾಜೀನಾಮೆ, ಸಂಸತ್ತಿನಲ್ಲಿ ಸೋಲು, ಗಡುವಿನ ವಿಸ್ತರಣೆ. ಎಲ್ಲವನ್ನೂ ಓದಿದವರಿಗೂ ಇದು ಯಾಕೆ ಹೀಗೆ ಎಳೆಯುತ್ತಿದೆ ಎಂದು ಬಗೆಹರಿಯುತ್ತಿರಲಿಲ್ಲ. ಆದರೆ ಒಕ್ಕೂಟದ ಒಪ್ಪಂದದ 50ನೇ ವಿಧಿ ಇರುವುದು ಐದೇ ಪ್ಯಾರಾ. ಹೊರಹೋಗುವ ದೇಶ ಅಧಿಕೃತವಾಗಿ ತಿಳಿಸಿದ ದಿನದಿಂದ ಎರಡು ವರ್ಷದ ಗಡಿಯಾರ ಓಡುತ್ತದೆ. ಅಷ್ಟರಲ್ಲಿ ಒಪ್ಪಂದ ಆಗದಿದ್ದರೆ ಬರಿಗೈಯಲ್ಲಿ ಹೊರಗೆ. ಗಡುವು ಮುಂದಕ್ಕೆ ಹೋಗಬೇಕಾದರೆ ಉಳಿದ ಎಲ್ಲ ದೇಶಗಳೂ ಒಮ್ಮತದಿಂದ ಒಪ್ಪಬೇಕು. ಬ್ರಿಟನ್ ತಿಳಿಸಿದ್ದು 2017ರ ಮಾರ್ಚ್ 29ರಂದು. ಅಂದರೆ ಗಡುವು 2019ರ ಮಾರ್ಚ್ 29. ಆ ವರ್ಷ ಅಷ್ಟೊಂದು ಗಲಾಟೆ ಯಾಕೆ ಆಯಿತು, ಒಕ್ಕೂಟದ ಕೈ ಯಾಕೆ ಮೇಲಿತ್ತು ಎನ್ನುವುದಕ್ಕೆಲ್ಲ ಉತ್ತರ ಆ ಐದು ಪ್ಯಾರಾದಲ್ಲೇ ಇದೆ. ಓದಲು ಐದು ನಿಮಿಷ ಸಾಕು.

ಹಾಗಾಗಿ ರಾಜಕೀಯಕ್ಕೆ ನನ್ನ ಶಿಫಾರಸು ಹೀಗೆ. ಯಾವುದಾದರೂ ಮಸೂದೆ, ತೀರ್ಪು, ಒಪ್ಪಂದ ದೊಡ್ಡ ಸುದ್ದಿಯಾದಾಗ ಅದರ ಮೂಲ ಪಠ್ಯದ ಮುಖ್ಯ ಭಾಗ ಓದಿ. ಆಮೇಲೆ ಒಂದು ವಾರಪತ್ರಿಕೆ. ಅದಕ್ಕೆ ಹಿನ್ನೆಲೆ ಬೇಕಾದರೆ ಇತಿಹಾಸದ ಪುಸ್ತಕ. ಇವತ್ತಿನ ನಾಯಕರ ಮೇಲೆ ಬಿಸಿಬಿಸಿಯಾಗಿ ಬರುವ ಪುಸ್ತಕಗಳಿಗಿಂತ ಆ ದೇಶದ ಹಿಂದಿನ ಐವತ್ತು ವರ್ಷದ ಇತಿಹಾಸ ಹೆಚ್ಚು ಕಾಲ ಕೆಲಸಕ್ಕೆ ಬರುತ್ತದೆ. ಒಳಗಿನವರು ಹೇಗೆ ಯೋಚಿಸುತ್ತಾರೆ ಎಂದು ನೋಡಬೇಕಿದ್ದರೆ ಅಮೆರಿಕದ ‘ಫಾರಿನ್ ಅಫೇರ್ಸ್’ ಇದೆ. 1922ರಿಂದ ಬರುತ್ತಿರುವ ಆ ಪತ್ರಿಕೆಯಲ್ಲಿ ಮಂತ್ರಿಗಳೂ ರಾಜತಾಂತ್ರಿಕರೂ ಬರೆಯುತ್ತಾರೆ. ತಮ್ಮ ನಿಲುವಿಗೆ ಬೆಂಬಲ ಕಟ್ಟಲು ಬರೆಯುತ್ತಾರೆ ಎನ್ನುವುದು ಓದುವಾಗ ನೆನಪಿರಲಿ.

ಚುನಾವಣಾ ಸಮೀಕ್ಷೆಗಳಿಗೆ ಒಂದು ಮಾತು. ಸುಮಾರು 1,000 ಜನರನ್ನು ಕೇಳಿದ ಸಮೀಕ್ಷೆಯಲ್ಲಿ ಶೇ. 3ರಷ್ಟು ಅತ್ತಿತ್ತ ಆಗುವುದು ಸಹಜ. 48–46 ಎಂದು ಬಂದರೆ ಅದನ್ನು ಮುನ್ನಡೆ ಎಂದು ಕರೆಯಲು ಬರುವುದಿಲ್ಲ. ಹಾಗೆ ಕರೆಯುವ ಲೇಖನವನ್ನು ಅರ್ಧಕ್ಕೇ ಬಿಡಬಹುದು.

ಅರ್ಥವ್ಯವಸ್ಥೆ: ಹಳೆಯ ಅಂದಾಜಿನ ಪಕ್ಕದಲ್ಲಿ ಹೊಸದು

ಇಲ್ಲಿ ದಿನದ ಸುದ್ದಿಯ ಉಪಯೋಗ ತೀರಾ ಕಡಿಮೆ. ಷೇರು ಸೂಚ್ಯಂಕ ಇವತ್ತು ಯಾಕೆ ಬಿತ್ತು ಎನ್ನುವ ವಿವರಣೆಯನ್ನು ಬಿದ್ದ ಮೇಲೆ ಹುಡುಕಿ ಅಂಟಿಸಿರುತ್ತಾರೆ. ಅರ್ಥವ್ಯವಸ್ಥೆಯನ್ನು ತಿಳಿಯಲು ಬೇಕಿರುವುದು ಎರಡು: ಕೆಲವು ಮೂಲ ಪಾಠ, ಮತ್ತೆ ನಿಯಮಿತವಾಗಿ ಬರುವ ಒಂದೆರಡು ವರದಿ.

ಮೂಲ ಪಾಠ ಯಾಕೆ ಎಂದರೆ, ಶೀರ್ಷಿಕೆಯ ಅಂಕಿ ನಿಜವಾಗಿದ್ದರೂ ದಾರಿ ತಪ್ಪಿಸಬಲ್ಲದು. 2020ರ ಏಪ್ರಿಲ್–ಜೂನ್‌ನಲ್ಲಿ ಭಾರತದ ಜಿಡಿಪಿ ಹಿಂದಿನ ವರ್ಷದ ಅದೇ ಅವಧಿಗಿಂತ ಸುಮಾರು ಶೇ. 24 ಕುಸಿಯಿತು. ಮರುವರ್ಷ ಅದೇ ಮೂರು ತಿಂಗಳಲ್ಲಿ ಶೇ. 20.1 ಏರಿತು ಎಂಬ ಲೆಕ್ಕ ಬಂತು. ಬರೀ ಶೀರ್ಷಿಕೆ ನೋಡಿದವರಿಗೆ ಭಾರಿ ಬೆಳವಣಿಗೆ. ಕಾಗದದ ಮೇಲೆ ಬರೆದು ನೋಡಿ: 100 ಇದ್ದದ್ದು 76ಕ್ಕೆ ಇಳಿಯಿತು. 76ರ ಶೇ. 20 ಸುಮಾರು 15. ಕೂಡಿಸಿದರೆ 91. ಎರಡು ವರ್ಷದ ಹಿಂದಿನ ಜಾಗಕ್ಕೂ ಬಂದಿರಲಿಲ್ಲ. ಹಣದುಬ್ಬರದ ಸುದ್ದಿಯಲ್ಲೂ ಇಂಥದ್ದೇ ಆಗುತ್ತದೆ. ಅದು 8ರಿಂದ 4ಕ್ಕೆ ಇಳಿದರೆ ಬೆಲೆ ಇಳಿಯಿತು ಎಂದು ಅರ್ಥವಲ್ಲ, ಬೆಲೆ ಏರುವ ವೇಗ ಇಳಿಯಿತು ಅಷ್ಟೇ. ಇಂಥ ನಾಲ್ಕೈದು ಪಾಠ ಹೇಳಿಕೊಡುವ ಯಾವುದೇ ಒಳ್ಳೆಯ ಪರಿಚಯ ಪುಸ್ತಕ ಒಂದು ಸಲ ಓದಿದರೆ ಸಾಕು, ಮುಂದಿನ ಎಲ್ಲ ಓದೂ ಹಗುರಾಗುತ್ತದೆ.

ವರದಿಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಜಾಗತಿಕ ಆರ್ಥಿಕ ಮುನ್ನೋಟಕ್ಕೆ. ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಪೂರ್ಣ ವರದಿ ಬರುತ್ತದೆ, ಜನವರಿ ಮತ್ತು ಜುಲೈನಲ್ಲಿ ಚಿಕ್ಕ ಪರಿಷ್ಕರಣೆ. ಇಡೀ ವರದಿ ಓದಲು ಹೋಗಬೇಡಿ. ಮೊದಲ ಅಧ್ಯಾಯದ ಮೊದಲ ಕೋಷ್ಟಕ ತೆಗೆಯಿರಿ. ದೇಶವಾರು ಅಂದಾಜಿನ ಪಕ್ಕದಲ್ಲಿ ಹಿಂದಿನ ಅಂದಾಜಿಗೂ ಇದಕ್ಕೂ ಎಷ್ಟು ವ್ಯತ್ಯಾಸ ಎಂದು ತೋರಿಸುವ ಸಾಲು ಇರುತ್ತದೆ. ಕಣ್ಣು ಅಲ್ಲಿಗೆ ಹೋಗಬೇಕು. 2020ರ ಉದಾಹರಣೆ ನೋಡಿ. ಆ ವರ್ಷ ಜಗತ್ತಿನ ಉತ್ಪನ್ನ ಶೇ. 3 ಕುಸಿಯುತ್ತದೆ ಎಂದು ಏಪ್ರಿಲ್‌ನಲ್ಲಿ ಹೇಳಿದರು. ಆ ವರ್ಷ ಜುಲೈ ಬದಲು ಜೂನ್‌ನಲ್ಲೇ ಬಂದ ಪರಿಷ್ಕರಣೆಯಲ್ಲಿ ಅದು 4.9 ಆಯಿತು. ಅಕ್ಟೋಬರ್‌ನಲ್ಲಿ 4.4. ಕೊನೆಗೆ ಲೆಕ್ಕ ನಿಂತದ್ದು ಸುಮಾರು 3ರ ಆಸುಪಾಸಿನಲ್ಲಿ. ಜೂನ್‌ನ ಸುದ್ದಿ ಮಾತ್ರ ಓದಿದವರ ತಲೆಯಲ್ಲಿ ಒಂದು ಚಿತ್ರ, ನಾಲ್ಕನ್ನೂ ನೋಡಿದವರ ತಲೆಯಲ್ಲಿ ಇನ್ನೊಂದು. ಎರಡನೆಯವರಿಗೆ ಇನ್ನೂ ಒಂದು ಲಾಭ ಇದೆ. ದೊಡ್ಡ ಸಂಸ್ಥೆಯ ಅಂದಾಜು ಕೂಡ ಎಷ್ಟು ಅಲುಗಾಡುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ.

ವಿಶ್ವಬ್ಯಾಂಕ್‌ನ ವರದಿ ಜನವರಿ ಮತ್ತು ಜೂನ್‌ನಲ್ಲಿ ಬರುತ್ತದೆ. ಬಡ ದೇಶಗಳ ಬಗ್ಗೆ ಅದರಲ್ಲಿ ವಿವರ ಜಾಸ್ತಿ. ಎರಡೂ ಸಂಸ್ಥೆಗಳು ಸಾಲ ಕೊಡುವ ಸಂಸ್ಥೆಗಳು, ತಮ್ಮ ನೀತಿಯನ್ನು ತಾವೇ ಕಟುವಾಗಿ ಟೀಕಿಸುವುದು ಅಪರೂಪ. ಆ ಟೀಕೆಗೆ ಮೇಲೆ ಹೇಳಿದ ಮುಂಬೈ ಪತ್ರಿಕೆಯಂಥ ಕಡೆಗೆ ಹೋಗಬೇಕು.

ಬಡ್ಡಿ ದರದಲ್ಲಿ ಆಸಕ್ತಿ ಇದ್ದವರು ಕೇಂದ್ರ ಬ್ಯಾಂಕ್‌ಗಳ ಸಭೆಯ ಮಿನಿಟ್ಸ್, ಅಂದರೆ ನಡಾವಳಿ, ಓದಿ. ಭಾರತದ ರಿಸರ್ವ್ ಬ್ಯಾಂಕ್ ತನ್ನ ಹಣಕಾಸು ನೀತಿ ಸಮಿತಿಯ ಮಿನಿಟ್ಸನ್ನು ಸಭೆಯಾದ 14ನೇ ದಿನ ಪ್ರಕಟಿಸುತ್ತದೆ. ಆರು ಸದಸ್ಯರೂ ಯಾಕೆ ಹಾಗೆ ಮತ ಹಾಕಿದರು ಎಂದು ಅವರವರ ಹೆಸರಿನಲ್ಲೇ ಇರುತ್ತದೆ. ಪತ್ರಿಕೆಯಲ್ಲಿ ‘ದರ ಬದಲಿಲ್ಲ’ ಎಂದು ಒಂದೇ ಸಾಲು ಓದಿದವರಿಗೆ ಒಳಗೆ ಇಷ್ಟು ಭಿನ್ನಾಭಿಪ್ರಾಯ ಇತ್ತಾ ಎಂದು ಆಶ್ಚರ್ಯ ಆಗಬಹುದು.

ಹವಾಮಾನ: ವರದಿಗೆ ಸಾಟಿ ಇಲ್ಲ

ನಾಲ್ಕು ವಿಷಯಗಳಲ್ಲಿ ದಿನದ ಸುದ್ದಿ ಅತ್ಯಂತ ಕಡಿಮೆ ಕೊಡುವುದು ಇಲ್ಲೇ. ಪ್ರವಾಹ ಬಂದಾಗ ಸುದ್ದಿ, ಸಮ್ಮೇಳನ ನಡೆದಾಗ ಸುದ್ದಿ, ಉಳಿದ ದಿನ ಮೌನ. ಹವಾಮಾನವಂತೂ ಆ ಮೌನದ ದಿನಗಳಲ್ಲೇ ಬದಲಾಗುತ್ತಿರುತ್ತದೆ.

ಹವಾಮಾನ ಬದಲಾವಣೆಯ ಬಗ್ಗೆ ಸರ್ಕಾರಗಳಿಗೆ ವರದಿ ಕೊಡುವ ಅಂತರರಾಷ್ಟ್ರೀಯ ಸಮಿತಿ ಐಪಿಸಿಸಿ ಹುಟ್ಟಿದ್ದು 1988ರಲ್ಲಿ. ಅದು ತಾನೇ ಸಂಶೋಧನೆ ಮಾಡುವುದಿಲ್ಲ. ಪ್ರಪಂಚದ ಸಾವಿರಾರು ಸಂಶೋಧನಾ ಪ್ರಬಂಧಗಳನ್ನು ಓದಿ, ತೂಗಿ, ಒಟ್ಟು ಏನು ಗೊತ್ತಾಗಿದೆ ಎಂದು ಹೇಳುತ್ತದೆ. ಅದರ ವರದಿಗಳ ಬೆಲೆ ತಿಳಿಯಬೇಕಾದರೆ ಒಂದೇ ಪ್ರಶ್ನೆಗೆ ಬೇರೆ ಬೇರೆ ವರ್ಷ ಅದು ಕೊಟ್ಟ ಉತ್ತರ ನೋಡಿ. ಭೂಮಿ ಬಿಸಿಯಾಗುತ್ತಿರುವುದು ಮನುಷ್ಯರಿಂದಲಾ? 1995ರ ವರದಿ ಮನುಷ್ಯರ ಪ್ರಭಾವ ಗುರುತಿಸುವಷ್ಟು ಕಾಣುತ್ತಿದೆ ಎಂದಿತು. 2001ರಲ್ಲಿ, ಇತ್ತೀಚಿನ ದಶಕಗಳ ಬಿಸಿಯ ಹೆಚ್ಚಿನ ಪಾಲು ಮನುಷ್ಯರಿಂದಲೇ ಇರಬಹುದು ಎಂದಿತು. ಅವರ ಲೆಕ್ಕದಲ್ಲಿ ಅದರರ್ಥ ಕನಿಷ್ಠ ಶೇ. 66 ಸಾಧ್ಯತೆ. 2007ರಲ್ಲಿ ಅದು ಶೇ. 90 ದಾಟಿತು, 2013ರಲ್ಲಿ ಶೇ. 95. 2021ರಲ್ಲಿ ಸಾಧ್ಯತೆಯ ಮಾತನ್ನೇ ಬಿಟ್ಟು, ಇದರಲ್ಲಿ ಸಂದೇಹವೇ ಇಲ್ಲ ಎಂದು ಬರೆದರು. ಇಪ್ಪತ್ತಾರು ವರ್ಷ ವಿಜ್ಞಾನಿಗಳು ಎಷ್ಟು ಎಚ್ಚರಿಕೆಯಿಂದ ಹೆಜ್ಜೆ ಇಟ್ಟರು ಎನ್ನುವುದು ಈ ಒಂದು ಸಾಲಿನಲ್ಲಿ ಕಾಣುತ್ತದೆ. ಯಾವ ದಿನಪತ್ರಿಕೆಯ ಕಡತದಲ್ಲೂ ಇದು ಹೀಗೆ ಸಿಗುವುದಿಲ್ಲ. ನನಗಂತೂ ಇದನ್ನು ಓದಿದಾಗಲೆಲ್ಲ ಅವರ ಮೇಲಿನ ಗೌರವ ಹೆಚ್ಚುತ್ತದೆ.

ಸಮಸ್ಯೆ ಗಾತ್ರದ್ದು. ಆರನೇ ವರದಿಯ ಮೊದಲ ಭಾಗವೊಂದೇ 2,000ಕ್ಕೂ ಹೆಚ್ಚು ಪುಟ. ಆದರೆ ಅದಕ್ಕೆ ಸುಮಾರು 30 ಪುಟದ ಸಾರಾಂಶ ಇದೆ. ಸರ್ಕಾರಗಳ ಪ್ರತಿನಿಧಿಗಳು ಕೂತು ಸಾಲುಸಾಲಾಗಿ ಒಪ್ಪಿದ ಪಠ್ಯ ಅದು. ವಾರಕ್ಕೆ ಹತ್ತು ಪುಟದಂತೆ ಓದಿದರೆ ಒಂದು ತಿಂಗಳೂ ಬೇಡ. ಮೂರು ಭಾಗಗಳಲ್ಲಿ ಮೊದಲನೆಯದು ವಿಜ್ಞಾನ, ಎರಡನೆಯದು ಪರಿಣಾಮ ಮತ್ತು ಹೊಂದಾಣಿಕೆ, ಮೂರನೆಯದು ಹೊಗೆ ಕಡಿಮೆ ಮಾಡುವ ದಾರಿ. ಒಂದೇ ಓದಲು ಸಮಯ ಇದ್ದರೆ 2023ರ ಮಾರ್ಚ್‌ನಲ್ಲಿ ಬಂದ ಒಟ್ಟು ಸಾರ ಸಾಕು.

ಕೊರತೆಯೂ ಇದೆ. ವರದಿಗೆ ಸೇರುವ ಸಂಶೋಧನೆಗೆ ಒಂದು ಕೊನೆಯ ದಿನ ಇರುತ್ತದೆ, ಆಮೇಲಿನದು ಮುಂದಿನ ಸರದಿಗೆ ಕಾಯಬೇಕು. ಹಾಗಾಗಿ ಜೊತೆಗೆ ವಿಶ್ವ ಹವಾಮಾನ ಸಂಸ್ಥೆಯ ವಾರ್ಷಿಕ ವರದಿ ಇಟ್ಟುಕೊಳ್ಳಿ. ಅದರ ಪ್ರಕಾರ 2024ರ ಸರಾಸರಿ ತಾಪಮಾನ ಕೈಗಾರಿಕೆಗಳು ಬರುವ ಮೊದಲಿನ ಮಟ್ಟಕ್ಕಿಂತ ಸುಮಾರು 1.55 ಡಿಗ್ರಿ ಹೆಚ್ಚಿತ್ತು. ಬಿಸಿಯ ಏರಿಕೆಯನ್ನು 1.5 ಡಿಗ್ರಿಗೆ ತಡೆಯಬೇಕೆಂಬ ಪ್ಯಾರಿಸ್ ಒಪ್ಪಂದದ ಗುರಿ ಮುರಿದೇಹೋಯಿತು ಎಂದು ಕೆಲವರು ಬರೆದರು. ಆ ಗುರಿ ದೀರ್ಘಕಾಲದ ಸರಾಸರಿಯದ್ದು, ಒಂದು ವರ್ಷದ್ದಲ್ಲ. ಸಮಾಧಾನಪಡುವ ವಿಷಯ ಇದಲ್ಲ, ಆದರೆ ಲೆಕ್ಕ ಸರಿ ಇರಬೇಕು.

ವಿಪತ್ತು ಬಂದ ಹೊತ್ತಿನಲ್ಲಿ ಇದಕ್ಕೆ ಹವಾಮಾನ ಬದಲಾವಣೆಯೇ ಕಾರಣವಾ ಎಂದು ಕೇಳುವವರಿಗೆ ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಗುಂಪಿನ ಅಧ್ಯಯನಗಳಿವೆ. ಬಿಸಿಯಾಗದ ಭೂಮಿಯಲ್ಲಿ ಇಂಥ ಮಳೆ ಅಥವಾ ಇಂಥ ಸೆಕೆ ಬರುವ ಸಾಧ್ಯತೆ ಎಷ್ಟಿತ್ತು, ಈಗ ಎಷ್ಟಿದೆ ಎಂದು ಹೋಲಿಸಿ ಹೇಳುತ್ತಾರೆ. ಕೆಲವು ಸಲ ದೊಡ್ಡ ಪ್ರಭಾವ ಕಾಣಲಿಲ್ಲ ಎಂದೂ ಬರೆಯುತ್ತಾರೆ. ಹಾಗೆ ಬರೆಯುವುದರಿಂದಲೇ ಅವರ ಮೇಲೆ ನಂಬಿಕೆ.

ಸಂಸ್ಕೃತಿ: ಉದ್ದ ಪ್ರಬಂಧ

ಇಲ್ಲಿ ವರದಿ, ಕೋಷ್ಟಕ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಪ್ರಶಸ್ತಿ ಸುದ್ದಿ, ನಕ್ಷತ್ರ ಕೊಡುವ ವಿಮರ್ಶೆ ಸುಮ್ನೆ ಹೊತ್ತು ಕಳೆಯಲು ಸರಿ. ತಿಳಿವಳಿಕೆ ಸಿಗುವುದು ನಿಧಾನವಾಗಿ ಬಿಚ್ಚುವ ಪ್ರಬಂಧದಲ್ಲಿ.

ಬೆನಿನ್ ಕಂಚಿನ ಶಿಲ್ಪಗಳ ಕಥೆ ತೆಗೆದುಕೊಳ್ಳಿ. ಇಂದಿನ ನೈಜೀರಿಯಾದಲ್ಲಿದ್ದ ಬೆನಿನ್ ರಾಜ್ಯದ ರಾಜಧಾನಿಯನ್ನು 1897ರಲ್ಲಿ ಬ್ರಿಟಿಷ್ ಸೈನ್ಯ ಹಿಡಿದು, ಅರಮನೆಯ ಸಾವಿರಾರು ಶಿಲ್ಪಗಳನ್ನು ಹೊತ್ತೊಯ್ದಿತು. ಅವು ಯುರೋಪು, ಅಮೆರಿಕದ ಮ್ಯೂಸಿಯಂಗಳಿಗೆ ಹರಡಿದವು. 2022ರಲ್ಲಿ ಜರ್ಮನಿ ಸಾವಿರಕ್ಕೂ ಹೆಚ್ಚು ವಸ್ತುಗಳ ಒಡೆತನವನ್ನು ನೈಜೀರಿಯಾಕ್ಕೆ ಬಿಟ್ಟುಕೊಟ್ಟಿತು. ದಿನದ ಸುದ್ದಿಯಲ್ಲಿ ಕಥೆ ಅಲ್ಲಿಗೆ ಮುಗಿಯಿತು: ಕದ್ದದ್ದು ಮರಳಿತು. ಮರುವರ್ಷ ನೈಜೀರಿಯಾದ ಅಧ್ಯಕ್ಷರು ಇವುಗಳ ಒಡೆಯ ಬೆನಿನ್‌ನ ರಾಜಮನೆತನದ ಓಬಾ, ಅಂದರೆ ರಾಜ, ಎಂದು ಘೋಷಿಸಿದರು. ಹಾಗಾದರೆ ಮರಳಿಸಿದ್ದು ಯಾರಿಗೆ? ದೇಶಕ್ಕಾ, ಒಂದು ಮನೆತನಕ್ಕಾ? ಅಮೆರಿಕದಲ್ಲಿರುವ ಗುಲಾಮರ ವಂಶಸ್ಥರ ಒಂದು ಗುಂಪು ಇನ್ನೊಂದು ಪ್ರಶ್ನೆ ಎತ್ತಿತು. ಮನುಷ್ಯರನ್ನು ಮಾರಿ ಪಡೆದ ಲೋಹದ ಕಡಗಗಳನ್ನು ಕರಗಿಸಿ ಈ ಶಿಲ್ಪಗಳನ್ನು ಮಾಡಿದರು, ಹಾಗಾಗಿ ಇವುಗಳಲ್ಲಿ ನಮಗೂ ಪಾಲಿದೆ ಎಂದರು ಅವರು. ಇತ್ತ ಬ್ರಿಟಿಷ್ ಮ್ಯೂಸಿಯಂ ತನ್ನ ಬಳಿ ಇರುವುದನ್ನು ಕೊಡಲು 1963ರ ಕಾನೂನು ಅಡ್ಡ ಎನ್ನುತ್ತದೆ. ಒಂದು ಸಾಲಿನ ಸುದ್ದಿಯಲ್ಲಿ ಇಷ್ಟೆಲ್ಲ ಹಿಡಿಸಲು ಸಾಧ್ಯವೇ ಇಲ್ಲ, ಅಲ್ವಾ? ನಾಲ್ಕೈದು ಸಾವಿರ ಪದಗಳ ಪ್ರಬಂಧ ಬೇಕು.

ಅಂಥವು ಸಿಗುವ ಕಡೆ: 1963ರಲ್ಲಿ ಶುರುವಾದ ‘ನ್ಯೂಯಾರ್ಕ್ ರಿವ್ಯೂ ಆಫ್ ಬುಕ್ಸ್’, 1979ರಲ್ಲಿ ಬಂದ ‘ಲಂಡನ್ ರಿವ್ಯೂ ಆಫ್ ಬುಕ್ಸ್’. ಹೆಸರಿಗೆ ಪುಸ್ತಕ ವಿಮರ್ಶೆ, ಓದಿದರೆ ಒಂದು ಕಾಲದ, ಒಂದು ಜಾಗದ ಇಡೀ ಚಿತ್ರ. ಎರಡರಲ್ಲಿ ಲಂಡನ್ನಿನದು ನನಗೆ ಹೆಚ್ಚು ಇಷ್ಟ. ಲೇಖಕರಿಗೆ ತಮ್ಮ ದನಿಯಲ್ಲೇ ಬರೆಯಲು ಬಿಡುತ್ತಾರೆ. ಎರಡಕ್ಕೂ ಒಂದು ಮಿತಿ ಇದೆ, ಇಂಗ್ಲಿಷ್‌ನಲ್ಲಿ ಪ್ರಕಟವಾದ ಪುಸ್ತಕಗಳ ಸುತ್ತಲೇ ಅವು ಹೆಚ್ಚಾಗಿ ತಿರುಗುತ್ತವೆ. ಆ ಕೊರತೆ ತುಂಬಲು ಅನುವಾದಿತ ಕಥೆ, ಕಾದಂಬರಿ ಓದಬೇಕು. ಒಂದು ಸಮಾಜ ತನ್ನ ಬಗ್ಗೆ ತಾನೇ ಏನು ಹೇಳಿಕೊಳ್ಳುತ್ತದೆ ಎಂದು ತಿಳಿಯಲು ಅದಕ್ಕಿಂತ ಹತ್ತಿರದ ದಾರಿ ಇಲ್ಲ.

ಸಮಯ ಮತ್ತು ದುಡ್ಡು

ದಿನಕ್ಕೆ ಅರ್ಧ ಗಂಟೆ ಮಾತ್ರ ಇರುವವರು ಹತ್ತು ನಿಮಿಷ ಸುದ್ದಿಗೆ ಇಟ್ಟು, ಉಳಿದದ್ದನ್ನು ಕೂಡಿಸಿಟ್ಟು ವಾರದ ಕೊನೆಗೆ ಒಂದು ಉದ್ದ ಪ್ರಬಂಧ ಅಥವಾ ವರದಿಯ ಒಂದು ಭಾಗ ಓದಲಿ. ದಿನಾ ಒಂದು ಗಂಟೆ ಇರುವವರಿಗೆ ಅದರ ಮೇಲೆ ತಿಂಗಳಿಗೆ ಒಂದು ಪುಸ್ತಕ ಸಾಧ್ಯ. ಪುಸ್ತಕ ಆರಿಸುವಾಗ ಮುಖಪುಟದ ಹೊಗಳಿಕೆ ಬಿಟ್ಟು ಹಿಂದಿನ ಟಿಪ್ಪಣಿಗಳನ್ನು ತೆರೆದು ನೋಡಿ. ಲೇಖಕರು ಎಲ್ಲಿಗೆಲ್ಲ ಹೋಗಿ ಹುಡುಕಿದ್ದಾರೆ ಎಂದು ಅಲ್ಲಿ ಗೊತ್ತಾಗುತ್ತದೆ. ಹವಾಮಾನ ಮತ್ತು ಅರ್ಥವ್ಯವಸ್ಥೆಯ ಪುಸ್ತಕವಾದರೆ ಪ್ರಕಟವಾದ ವರ್ಷವನ್ನೂ ನೋಡಬೇಕು. ಇತಿಹಾಸಕ್ಕೆ, ಕಾದಂಬರಿಗೆ ಆ ಚಿಂತೆ ಇಲ್ಲ.

ಹಣದ ವಿಷಯಕ್ಕೆ ಬಂದರೆ, ಐಪಿಸಿಸಿ, ಐಎಂಎಫ್, ವಿಶ್ವಬ್ಯಾಂಕ್, ವಿಶ್ವ ಹವಾಮಾನ ಸಂಸ್ಥೆಯ ವರದಿಗಳೆಲ್ಲ ಉಚಿತ. ಕಾನೂನಿನ ಪಠ್ಯ, ತೀರ್ಪುಗಳೂ ಬಹುಪಾಲು ಉಚಿತ. ಅಂದರೆ ಹವಾಮಾನಕ್ಕೆ ಮತ್ತು ಅರ್ಥವ್ಯವಸ್ಥೆಗೆ ದುಡ್ಡು ಕೊಡದೆಯೇ ಅತ್ಯುತ್ತಮ ಓದು ಸಿಗುತ್ತದೆ. ಚಂದಾ ಕಟ್ಟುವುದಾದರೆ ಅದನ್ನು ರಾಜಕೀಯದ ಒಂದು ವಾರಪತ್ರಿಕೆಗೋ ಸಂಸ್ಕೃತಿಯ ಒಂದು ಪ್ರಬಂಧ ಪತ್ರಿಕೆಗೋ ಕಟ್ಟಿ. ಎರಡಕ್ಕೂ ಆಗದಿದ್ದರೆ ಪ್ರಬಂಧ ಪತ್ರಿಕೆಗೆ ಕಟ್ಟಿ. ಅದರ ಹಳೆಯ ಸಂಚಿಕೆ ಮೂರು ವರ್ಷ ಬಿಟ್ಟು ತೆಗೆದರೂ ಓದಲು ಬರುತ್ತದೆ.